ತಯಾರಕರು ದಿವಾಳಿಯ ಅಂಚಿನಲ್ಲಿದ್ದಾರೆ, ಲೇತ್ ಮಾತ್ರ ಚೆನ್ನಾಗಿದೆ: ಕೊಳ್ಳಬಹುದೇ?

ಸುರುಳಿಸಿಪ್ಪೆ:
ಎಲ್ಲರಿಗೂ ನಮಸ್ಕಾರ. ಬಟ್ಟಲು ಕಡೆಯುವಷ್ಟು ದೊಡ್ಡದಾದ, ನೆಲದ ಮೇಲೆ ನಿಲ್ಲುವ ಮರದ ಲೇತ್ ಒಂದನ್ನು ಕೊಳ್ಳಲು ಹಣ ಕೂಡಿಸಿಟ್ಟಿದ್ದೇನೆ. ನಾನು ಮೆಚ್ಚಿದ ಯಂತ್ರದ ತಯಾರಕರು ಸಾಲ ತೀರಿಸಲಾಗದೆ ನ್ಯಾಯಾಲಯದ ರಕ್ಷಣೆ ಕೇಳಿದ್ದಾರೆ. ಕಾರ್ಖಾನೆಯ ಬಾಗಿಲು ಇನ್ನೂ ತೆರೆದಿದೆ, ಆದರೆ ಬಿಡಿಭಾಗ ಕೇಳಿ ಬರೆದರೆ ಉತ್ತರ ಬರುವುದು ತಡವಾಗುತ್ತಿದೆ ಎಂದು ಈಗಾಗಲೇ ಯಂತ್ರ ಇಟ್ಟುಕೊಂಡವರು ಹೇಳುತ್ತಿದ್ದಾರೆ. ಇದೇ ಹೊತ್ತಿನಲ್ಲಿ ಬೆಲೆಯನ್ನು ಮೂರನೇ ಒಂದು ಪಾಲು ಇಳಿಸಿದ್ದಾರೆ.

ಎರಡು ಮಾದರಿಗಳಿವೆ. ಹಳೆಯದರಲ್ಲಿ 1.5 ಕಿಲೋವ್ಯಾಟ್‌ನ ಮೂರು ಫೇಸ್ ಮೋಟಾರು, ಅದರ ವೇಗ ಬದಲಿಸುವ ಇನ್ವರ್ಟರ್ ಮತ್ತು ಬೆಲ್ಟು ಇವೆ. ಹೊಸದರಲ್ಲಿ ಬೆಲ್ಟೇ ಇಲ್ಲ. ಮೋಟಾರಿನ ತಿರುಗುವ ಭಾಗವಾದ ರೋಟರು ನೇರವಾಗಿ ಸ್ಪಿಂಡಲ್ ಮೇಲೆ, ಅಂದರೆ ಮರವನ್ನು ತಿರುಗಿಸುವ ದಂಡದ ಮೇಲೆಯೇ ಕೂತಿದೆ, ಅದನ್ನು ಕಂಪನಿಯವರೇ ಮಾಡಿದ ಎಲೆಕ್ಟ್ರಾನಿಕ್ ಕಾರ್ಡು ನಡೆಸುತ್ತದೆ. ಎರಡರಲ್ಲೂ ಬೆಡ್ಡಿನ, ಅಂದರೆ ಯಂತ್ರದ ಉದ್ದನೆಯ ತಳದ ಮೇಲೆ 400 ಮಿಲಿಮೀಟರ್ ವ್ಯಾಸದ ಮರ ತಿರುಗುತ್ತದೆ, ಸ್ಪಿಂಡಲ್ ಥ್ರೆಡ್ ಎಂ 33×3.5, ಎರಡೂ ತುದಿಗಳಲ್ಲಿ 2ನೇ ನಂಬರಿನ ಮೋರ್ಸ್ ಟೇಪರ್ (ಸೆಂಟರು ಮುಂತಾದವು ಕೂರುವ, ಒಳಗೆ ಕಿರಿದಾಗುತ್ತಾ ಹೋಗುವ ತೂತು). ಹೊಸ ಮಾದರಿಯನ್ನು ಕಂಪನಿಯಿಂದ ನೇರವಾಗಿ ತರಿಸಬೇಕಾದರೆ ಅರ್ಧ ಹಣ ಮುಂಗಡ ಕೊಟ್ಟು ಕಾಯಬೇಕು. ಹಳೆಯ ಮಾದರಿ ಒಬ್ಬ ಮಾರಾಟಗಾರರ ಗೋದಾಮಿನಲ್ಲಿ ಸಿದ್ಧವಾಗಿದೆ, ಆದರೆ ಅದಕ್ಕೆ ರಿಯಾಯಿತಿ ಕಡಿಮೆ. ನನ್ನ ಮನಸ್ಸು ಹೊಸದರ ಕಡೆಗೆ ವಾಲುತ್ತಿದೆ. ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಹಳೆಯಉಳಿ:
ಕಂಪನಿಯ ಸ್ಥಿತಿ ನೋಡಿ ಒಳ್ಳೆಯ ಲೇತನ್ನು ಕೈಬಿಡಬೇಡಿ. ಮರದ ಲೇತ್ ಬಹಳ ಸರಳವಾದ ಯಂತ್ರ. ಎರಕದ ಬೆಡ್ಡು, ಎರಡು ಬೇರಿಂಗುಗಳ ನಡುವೆ ತಿರುಗುವ ಒಂದು ಸ್ಪಿಂಡಲ್, ಮರದ ಇನ್ನೊಂದು ತುದಿಯನ್ನು ಆನಿಸಿ ಹಿಡಿಯುವ, ಹಿಂದೆ ಮುಂದೆ ಸರಿಯುವ ಟೇಲ್‌ಸ್ಟಾಕ್ ಮತ್ತು ಉಳಿ ಊರಲು ಒಂದು ಟೂಲ್ ರೆಸ್ಟ್, ಇವಿಷ್ಟು ಸರಿಯಾಗಿದ್ದರೆ ಅದು ತಯಾರಕರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಇಂಗ್ಲೆಂಡಿನ ಮೈಫೋರ್ಡ್ ಕಂಪನಿ 2011ರಲ್ಲಿ ವ್ಯವಹಾರ ನಿಲ್ಲಿಸಿತು, ಅದರ ಹೆಸರು ಮತ್ತು ದಾಸ್ತಾನನ್ನು ಬೇರೊಬ್ಬರು ಕೊಂಡರು. ಆದರೆ ಅವರ ಎಂಎಲ್8 ಎಂಬ ಮರದ ಲೇತ್ ಇಂದಿಗೂ ಎಷ್ಟೋ ಮನೆಗಳ ಕಾರ್ಯಾಗಾರಗಳಲ್ಲಿ ತಿರುಗುತ್ತಿದೆ. ಅದರ ಥ್ರೆಡ್ 1 ಇಂಚಿಗೆ 12 ಸುತ್ತಿನದು, ಮರವನ್ನು ಕಚ್ಚಿ ಹಿಡಿಯುವ ಈಗಿನ ಚಕ್‌ಗಳಿಗೆ ನೇರವಾಗಿ ಹೊಂದುವುದಿಲ್ಲ. ಆದರೂ ಅಡಾಪ್ಟರ್ ಹಾಕಿಕೊಂಡು ಜನ ಕೆಲಸ ಮಾಡುತ್ತಿದ್ದಾರೆ.

ಲೆಕ್ಕದಪುಸ್ತಕ:
ಯಂತ್ರದ ಬಗ್ಗೆ ಹಳೆಯಉಳಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಕೊಳ್ಳುವ ಬಗೆಯೇ ಇಲ್ಲಿ ದೊಡ್ಡ ಪ್ರಶ್ನೆ. ಮುಂಗಡ ಕೊಟ್ಟ ಗಳಿಗೆಯಿಂದ ನೀವು ಗ್ರಾಹಕರಷ್ಟೇ ಅಲ್ಲ, ಆ ಕಂಪನಿಗೆ ಸಾಲ ಕೊಟ್ಟವರೂ ಆಗುತ್ತೀರಿ. ಅದೂ ಯಾವ ಅಡಮಾನವೂ ಇಲ್ಲದೆ. ಕಂಪನಿ ಮುಚ್ಚಿಹೋದರೆ ಯಂತ್ರೋಪಕರಣ, ಕಟ್ಟಡ ಮತ್ತು ದಾಸ್ತಾನನ್ನು ಅಡ ಇಟ್ಟುಕೊಂಡಿರುವ ಬ್ಯಾಂಕುಗಳು ಅವುಗಳ ಮೇಲೆ ಮೊದಲು ಕೈ ಇಡುತ್ತವೆ. ನೌಕರರ ಬಾಕಿ, ತೆರಿಗೆ ಮುಂತಾದವುಗಳ ಸರದಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಆದರೆ ಮುಂಗಡ ಕೊಟ್ಟ ಗ್ರಾಹಕರು ಬಹುತೇಕ ಕಡೆ ಸಾಲಿನ ಕೊನೆಯಲ್ಲೇ ನಿಂತಿರುತ್ತಾರೆ. ಹಾಗಾಗಿ ಹೊಸ ಮಾದರಿಗೆ ಕೊಡುವ ಅರ್ಧ ಹಣ ನೀರುಪಾಲಾಗುವ ಸಾಧ್ಯತೆಯನ್ನೂ ಆ ರಿಯಾಯಿತಿಯ ಜೊತೆಗೆ ಇಟ್ಟು ತೂಗಿ ನೋಡಿ.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ಪೂರ್ತಿ ಹಣ ಕೊಟ್ಟು, ಯಂತ್ರವನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದರೂ ಅಪಾಯ ತಪ್ಪುವುದಿಲ್ಲ. ರಸೀದಿಯಲ್ಲಿ ಕ್ರಮಸಂಖ್ಯೆ ಇಲ್ಲದಿದ್ದರೆ, ದಿವಾಳಿಯಾದ ಕಂಪನಿಯನ್ನು ನೋಡಿಕೊಳ್ಳುವ ಆಡಳಿತಗಾರರು ಬಂದು ಬೀಗ ಹಾಕಿದ ದಿನ ಸಾಲಾಗಿ ನಿಂತ ಲೇತ್‌ಗಳಲ್ಲಿ ಇದೇ ನನ್ನದು ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಮೂರುದವಡೆ:
ಮುಂಗಡವನ್ನು ಯಾವ ಕಾರಣಕ್ಕೂ ಕೊಡಬೇಡಿ.

ಬಟ್ಟಲುಗಾರ:
ನನಗೆ ಈ ಮಾತು ಸರಿಕಾಣುವುದಿಲ್ಲ. ಎಲ್ಲರೂ ಹೀಗೆಯೇ ಕೈಕಟ್ಟಿ ಕುಳಿತರೆ ಉಳಿಯಬಹುದಾದ ಕಂಪನಿಯೂ ಮುಳುಗುತ್ತದೆ. ನ್ಯಾಯಾಲಯದ ರಕ್ಷಣೆ ಕೇಳಿದ್ದಾರೆ ಎಂದ ಮಾತ್ರಕ್ಕೆ ಅಂಗಡಿ ಮುಚ್ಚಿದರು ಎಂದಲ್ಲ. ಸಾಲವನ್ನು ಮರುಹೊಂದಿಸಿಕೊಂಡು ಮತ್ತೆ ಎದ್ದು ನಿಂತ ಕಾರ್ಖಾನೆಗಳೂ ಇವೆ. ಅಮೆರಿಕದ ಪವರ್‌ಮ್ಯಾಟಿಕ್ ಹೆಸರು ಅದರ ಮಾತೃಸಂಸ್ಥೆ 1999ರಲ್ಲಿ ದಿವಾಳಿಯಾದ ಮೇಲೂ ಅಳಿಯಲಿಲ್ಲ, ಇಂದಿಗೂ ಆ ಹೆಸರಿನಲ್ಲಿ ಲೇತ್‌ಗಳು ಬರುತ್ತಿವೆ. ಸ್ಪಿಂಡಲ್ಲನ್ನು ನೂರನೇ ಒಂದು ಮಿಲಿಮೀಟರ್‌ವರೆಗೆ ಸರಿಮಾಡುವ ಕೈಗಳು ಒಮ್ಮೆ ಚದುರಿಹೋದರೆ ಮತ್ತೆ ಒಂದೆಡೆ ಸೇರುವುದಿಲ್ಲ. ಒಳ್ಳೆಯ ಲೇತ್ ಮಾಡುವವರು ಉಳಿಯಬೇಕೆಂಬ ಆಸೆ ನಮಗಲ್ಲದೆ ಇನ್ನಾರಿಗೆ ಇರಬೇಕು?

ಲೆಕ್ಕದಪುಸ್ತಕ:
ಬಟ್ಟಲುಗಾರರೇ, ನಿಮ್ಮ ಕಾಳಜಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಪವರ್‌ಮ್ಯಾಟಿಕ್ ಉಳಿದದ್ದು ಬೇರೊಬ್ಬ ತಯಾರಕರು ಕೊಂಡದ್ದರಿಂದಲೇ ಹೊರತು ಗ್ರಾಹಕರ ಮುಂಗಡದಿಂದಲ್ಲ. ಸಿದ್ಧವಾಗಿ ನಿಂತಿರುವ ಯಂತ್ರವನ್ನು ಪೂರ್ತಿ ಹಣ ಕೊಟ್ಟು ಕೊಂಡರೂ ಕಾರ್ಖಾನೆಗೆ ಸಹಾಯವಾಗುತ್ತದೆ, ಮತ್ತು ನಿಮ್ಮ ಹಣಕ್ಕೆ ಬದಲಾಗಿ ನಿಮ್ಮ ಬಳಿ ಲೇತ್ ಇರುತ್ತದೆ.

ಇಷ್ಟಾದರೂ ಮುಂಗಡ ಕೊಡಲೇಬೇಕೆಂದಾದರೆ ಲಿಖಿತವಾಗಿ ಒಂದು ಪ್ರಶ್ನೆ ಕೇಳಿ: ರಕ್ಷಣೆ ಕೇಳಿದ ದಿನದ ನಂತರ ಬಂದ ಮುಂಗಡಗಳನ್ನು ಯಂತ್ರ ಸಾಗಿಸುವವರೆಗೆ ಮುಟ್ಟದೆ ಪ್ರತ್ಯೇಕ ಖಾತೆಯಲ್ಲಿ ಇಡಲಾಗುತ್ತದೆಯೇ? ಹೌದೆಂದು ಸಹಿ ಹಾಕಿ ಬರೆದುಕೊಟ್ಟರೆ ಮಾತು ಬೇರೆ. ಉತ್ತರ ಅಡ್ಡಾದಿಡ್ಡಿಯಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಬ್ಯಾಂಕ್ ಕಾರ್ಡಿನ ಮೂಲಕ ಹಣ ಕೊಟ್ಟರೆ ಸರಕು ಬಾರದಿದ್ದಾಗ ಬ್ಯಾಂಕಿನ ಮುಂದೆ ಆಕ್ಷೇಪ ಎತ್ತುವ ದಾರಿಯೊಂದು ಉಳಿದಿರುತ್ತದೆ. ಖಾತೆಯಿಂದ ಖಾತೆಗೆ ಕಳಿಸಿದ ಹಣಕ್ಕೆ ಸಾಮಾನ್ಯವಾಗಿ ಆ ದಾರಿಯಿಲ್ಲ.

ತಂತಿಜಾಲ:
ಹಣದ ಮಾತು ಆಯಿತು, ಈಗ ವಿದ್ಯುತ್ತಿನ ಭಾಗಕ್ಕೆ ಬರುತ್ತೇನೆ, ಏಕೆಂದರೆ ಅನಾಥವಾದ ಲೇತ್ ಒಂದು ಮೂಲೆ ಸೇರುವುದು ಹೆಚ್ಚಾಗಿ ಈ ಭಾಗದಿಂದಲೇ.

ನಿಮ್ಮ ಹಳೆಯ ಮಾದರಿಯಲ್ಲಿರುವ ಮೂರು ಫೇಸ್ ಮೋಟಾರು ಅಂತರರಾಷ್ಟ್ರೀಯ ಅಳತೆಯ ಚೌಕಟ್ಟಿನದಾಗಿದ್ದರೆ, ಅಂದರೆ 1.5 ಕಿಲೋವ್ಯಾಟ್‌ಗೆ ಸಾಮಾನ್ಯವಾದ 90ರ ಚೌಕಟ್ಟು ಮತ್ತು 24 ಮಿಲಿಮೀಟರ್ ಶಾಫ್ಟ್ ಆಗಿದ್ದರೆ, ಅದು ಸುಟ್ಟುಹೋದ ದಿನ ಯಾವ ತಯಾರಕರ ಮೋಟಾರನ್ನಾದರೂ ತಂದು ಅದೇ ತೂತುಗಳಿಗೆ ಕೂರಿಸಬಹುದು. ಇನ್ವರ್ಟರ್ ಕೂಡ ಹಾಗೆಯೇ. ಮೋಟಾರಿನ ಫಲಕದಲ್ಲಿ 230/400 ವೋಲ್ಟ್ ಎಂದಿದ್ದು, ನಿಮ್ಮದು ಒಂದೇ ಫೇಸಿನ 230 ವೋಲ್ಟ್ ಪೂರೈಕೆಯಾಗಿದ್ದರೆ ಮೋಟಾರನ್ನು ಅದರ ಸುರುಳಿಗಳು ತ್ರಿಕೋನವಾಗಿ ಕೂಡುವ ಡೆಲ್ಟಾ ಜೋಡಣೆಯಲ್ಲಿ ಇಟ್ಟು ಹೊಸ ಇನ್ವರ್ಟರ್‌ಗೆ ಕೊಟ್ಟರಾಯಿತು. ಯಂತ್ರ ಬಂದ ಕೂಡಲೇ ಇನ್ವರ್ಟರಿನ ಒಳಗಿನ ಸೆಟ್ಟಿಂಗುಗಳನ್ನು, ಅಂದರೆ ಮೋಟಾರಿನ ಕರೆಂಟು, ಗರಿಷ್ಠ ಫ್ರೀಕ್ವೆನ್ಸಿ, ವೇಗ ಏರುವ ಮತ್ತು ಇಳಿಯುವ ಸಮಯ, ಬ್ರೇಕಿನ ವಿವರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಕಂಪನಿ ಮುಚ್ಚಿದ ಮೇಲೆ ಆ ಅಂಕಿಗಳನ್ನು ಹೇಳುವವರು ಸಿಗುವುದಿಲ್ಲ.

ಹೊಸ ಮಾದರಿಯ ಕಥೆ ಬೇರೆ. ರೋಟರು ಸ್ಪಿಂಡಲ್ ಮೇಲೆಯೇ ಇರುವುದರಿಂದ ಹೊರಗಿನ ಮೋಟಾರು ಜೋಡಿಸಲು ಪುಲ್ಲಿಯೇ ಇಲ್ಲ. ಕಾರ್ಡಿನ ಒಳಗಿರುವ ಪ್ರೋಗ್ರಾಂ ಆ ಒಂದೇ ಮೋಟಾರಿಗಾಗಿ ಬರೆದದ್ದು. ಕಾರ್ಡು ಹೋದರೆ ಸ್ಪಿಂಡಲ್ ಇರುವ ತಲೆಭಾಗ, ಅಂದರೆ ಹೆಡ್‌ಸ್ಟಾಕ್ ಪೂರ್ತಿಯಾಗಿ ಬರಿಯ ಕಬ್ಬಿಣವಾಗುತ್ತದೆ. ಆರ್ಥಿಕವಾಗಿ ಗಟ್ಟಿಯಾದ ತಯಾರಕರಿಂದಾದರೆ ಅದನ್ನು ನಾನೂ ಸಂತೋಷದಿಂದ ಕೊಳ್ಳುತ್ತೇನೆ. ಇವರಿಂದ ಈಗ ಕೊಳ್ಳುವುದು ನನಗೆ ಸರಿತೋರುವುದಿಲ್ಲ.

ಬಟ್ಟಲುಗಾರ:
ಆ ತಂತ್ರಜ್ಞಾನದ ಗುಣವನ್ನು ಯಾರೂ ಹೇಳುತ್ತಿಲ್ಲವಲ್ಲ. ಉಳಿ ಮರದಲ್ಲಿ ಕಚ್ಚಿಕೊಂಡಾಗ ಅಂಥ ಮೋಟಾರು ಅದನ್ನು ಗುರುತಿಸಿ ತಾನಾಗಿ ನಿಲ್ಲಬಲ್ಲದು. ನಿಧಾನ ವೇಗದಲ್ಲಿಯೂ ಅದರ ಎಳೆತ ಕಡಿಮೆಯಾಗುವುದಿಲ್ಲ. ದೊಡ್ಡ ಬಟ್ಟಲಿಗೆ ಬೇಕಾಗಿರುವುದೇ ಅದು.

ತಂತಿಜಾಲ:
ಕಚ್ಚಿಕೊಂಡಾಗ ನಿಲ್ಲುವ ಗುಣ ನಿಜವಾಗಿಯೂ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಎಳೆತದ ವಿಷಯದಲ್ಲಿ ಮಾತ್ರ ಬೆಲ್ಟಿನ ಲೇತನ್ನು ಕಡೆಗಣಿಸಬಾರದು. ಇಂಚಿನಲ್ಲಿ ವ್ಯಾಸವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದಾಗ 6000ದಿಂದ 9000ದ ಒಳಗೆ ಬರಬೇಕೆಂಬ ರೂಢಿಯ ಲೆಕ್ಕ ಹಿಡಿದರೆ, 400 ಮಿಲಿಮೀಟರ್ ಅಂದರೆ ಸುಮಾರು 16 ಇಂಚಿನ ಮರಕ್ಕೆ ನಿಮಿಷಕ್ಕೆ 375ರಿಂದ 560 ಸುತ್ತು ಸಾಕು. ತೂಕ ಒಂದು ಕಡೆ ವಾಲಿದ ಹಸಿ ತುಂಡಿಗೆ ಅದಕ್ಕಿಂತಲೂ ಕಡಿಮೆಯಿಂದ ಆರಂಭಿಸಬೇಕು. ಬೆಲ್ಟನ್ನು ನಿಧಾನದ ಪುಲ್ಲಿಗೆ ಹಾಕಿದರೆ ಮೋಟಾರು ತನ್ನ ವೇಗದಲ್ಲೇ ತಿರುಗುತ್ತಾ ಸ್ಪಿಂಡಲ್‌ಗೆ ಹೆಚ್ಚಿನ ಎಳೆತ ಕೊಡುತ್ತದೆ. ಬೆಲ್ಟನ್ನು ಮೇಲಿನ ಪುಲ್ಲಿಯಲ್ಲೇ ಬಿಟ್ಟು ಗುಂಡಿ ತಿರುಗಿಸಿ ವೇಗ ಇಳಿಸುವವರು ಮಾತ್ರ ಮೋಟಾರಿಗೆ ಶಕ್ತಿಯಿಲ್ಲ ಎಂದು ದೂರುತ್ತಾರೆ.

ಎರಕದಮನೆ:
ನಾನು ಎರಕದ ಕೆಲಸದಲ್ಲಿರುವವನು. ಹಣದ ಮುಗ್ಗಟ್ಟಿನಲ್ಲಿರುವ ಕಾರ್ಖಾನೆಯಿಂದ ಬಂದ ಕೊನೆಕೊನೆಯ ಯಂತ್ರಗಳನ್ನು ಸ್ವಲ್ಪ ಹೆಚ್ಚು ಎಚ್ಚರದಿಂದ ನೋಡಬೇಕು. ಬಾಕಿ ಸಿಗದ ಪೂರೈಕೆದಾರರು ಸರಕು ನಿಲ್ಲಿಸಿದಾಗ ಸಿಕ್ಕಿದ ಬೇರಿಂಗು, ಸಿಕ್ಕಿದ ಸ್ವಿಚ್ಚು ಹಾಕಿ ಕಳಿಸುವ ಒತ್ತಡ ಯಾರ ಮೇಲಾದರೂ ಬರುತ್ತದೆ. ಎರಕ ಹೊಯ್ದ ಬೆಡ್ಡಿನ ಒಳಬಿಗಿತ ಇಳಿಯುವ ಮೊದಲೇ ಅದನ್ನು ಮೆಷಿನ್ ಮಾಡಿಬಿಟ್ಟರೆ ಅದು ಮುಂದೆ ನಿಧಾನವಾಗಿ ತಿರುಚಿಕೊಳ್ಳಬಹುದು.

ಗೋದಾಮಿಗೆ ಹೋದಾಗ ಹೆಡ್‌ಸ್ಟಾಕಿಗೆ ಒಂದು ಮೊನೆಯ ಸೆಂಟರು, ಟೇಲ್‌ಸ್ಟಾಕಿಗೆ ಇನ್ನೊಂದು ಹಾಕಿ, ಎರಡೂ ಮೊನೆಗಳನ್ನು ಕೂದಲೆಳೆಯ ಅಂತರಕ್ಕೆ ತನ್ನಿ. ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಆಮೇಲೆ ಟೇಲ್‌ಸ್ಟಾಕನ್ನು ಹಿಂದೆ ಸರಿಸಿ ಅದರೊಳಗಿಂದ ಹೊರಬರುವ ಕೊಳವೆಯಾದ ಕ್ವಿಲ್ಲನ್ನು ಪೂರ್ತಿ ಹೊರಗೆ ತಿರುಗಿಸಿ ಮತ್ತೆ ನೋಡಿ. ಕೆಲವು ಯಂತ್ರಗಳಲ್ಲಿ ಮೊದಲು ಕೂಡಿದ ಮೊನೆಗಳು ಈಗ ಕೂಡುವುದಿಲ್ಲ. ಸ್ಪಿಂಡಲ್ಲನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಬೆಲ್ಟು ಕಳಚಿ ಕೈಯಿಂದ ತಿರುಗಿಸಿದಾಗ ಬೇರಿಂಗು ಯಾವುದೇ ಒಂದು ಜಾಗದಲ್ಲಿ ತಡೆಯಬಾರದು.

ಬಿರುಕಿನ ಅನುಮಾನವಿದ್ದರೆ ಟೂಲ್ ರೆಸ್ಟನ್ನು ಬೆಡ್ಡಿಗೆ ಬಿಗಿಯುವ ಬ್ಯಾಂಜೊದ ಹಿಡಿಯ ಸುತ್ತ ಬಣ್ಣವಿಲ್ಲದ ಭಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಕುಳಿತ ಎಣ್ಣೆ ಮೇಲೆ ಬಂದು ಬಿಳಿಯ ಪುಡಿಯಲ್ಲಿ ಒದ್ದೆಯ ಕಪ್ಪು ಗೆರೆಯೊಂದು ನಿಧಾನವಾಗಿ ಎದ್ದು ಕಾಣುತ್ತದೆ. ಕಣ್ಣಿಗೆ ಕಾಣದ ಬಿರುಕು ಕೂಡ ಹೀಗೆ ಸಿಕ್ಕಿಬೀಳುತ್ತದೆ.

ಮೂರುದವಡೆ:
ಮೊನೆಗಳು ಕೂಡದಿದ್ದರೆ ಯಂತ್ರ ಬೇಡ ಎಂದು ಬಂದುಬಿಡಬಹುದೇ?

ಎರಕದಮನೆ:
ಅಷ್ಟು ಅವಸರ ಬೇಡ. ಗೋದಾಮಿನ ನೆಲ ಸಮವಾಗಿರುವುದಿಲ್ಲ. ನಾಲ್ಕು ಕಾಲುಗಳಲ್ಲಿ ಒಂದು ಮೇಲೆದ್ದಿದ್ದರೂ ಉದ್ದವಾದ ಬೆಡ್ಡು ಸ್ವಲ್ಪ ತಿರುಚಿ ಮೊನೆಗಳು ಅಕ್ಕಪಕ್ಕ ಸರಿಯುತ್ತವೆ. ಮೊದಲು ಕಾಲಿನ ಬೋಲ್ಟುಗಳನ್ನು ತಿರುಗಿಸಿ ಸಮಮಾಡಿ, ನಂತರವೂ ಕೂಡದಿದ್ದರೆ ಬೇಡವೆನ್ನಿ.

ಅನಾಥಯಂತ್ರ:
ನನ್ನ ಬಳಿ ಇರುವ ಲೇತಿನ ತಯಾರಕರು ಬಾಗಿಲು ಮುಚ್ಚಿ ಬಹಳ ಕಾಲವಾಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ಅಂಥ ಯಂತ್ರದ ಜೊತೆ ಬಾಳುವುದು ಹೇಗಿರುತ್ತದೆ ಎಂದು ಕೇಳುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ವೇಗದ ಕಾರ್ಡು. ಕಂಟ್ರೋಲ್ ಪೆಟ್ಟಿಗೆ ಬಿಚ್ಚಿದಾಗ ಉಜ್ಜುಕಾಗದದ ನುಣ್ಣನೆಯ ಧೂಳು ಹೀಟ್‌ಸಿಂಕಿನ ಪಟ್ಟಿಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿತ್ತು, ಪುಟ್ಟ ಫ್ಯಾನು ತಿರುಗದೆ ನಿಂತಿತ್ತು. ಕಾರ್ಡಿನ ಮುಖ್ಯ ಚಿಪ್ಪಿನ ಮೇಲಿದ್ದ ನಂಬರನ್ನು ತಯಾರಕರೇ ಉಜ್ಜಿ ಅಳಿಸಿದ್ದರು, ಹಾಗಾಗಿ ರಿಪೇರಿಯವರು ಅದನ್ನು ಮುಟ್ಟಲು ಒಪ್ಪಲಿಲ್ಲ. ಅದೃಷ್ಟಕ್ಕೆ ಮೋಟಾರು ಬ್ರಷ್ ಇರುವ ಡಿಸಿ ಮೋಟಾರಾಗಿತ್ತು. ಫಲಕದ ವೋಲ್ಟೇಜು ಮತ್ತು ಆಂಪಿಯರ್ ನೋಡಿ, ಅದಕ್ಕೆ ಹೊಂದುವ ಸಾಮಾನ್ಯ ಡಿಸಿ ಕಂಟ್ರೋಲರ್ ತಂದು ಜೋಡಿಸಿದೆ. ಸುತ್ತುಗಳನ್ನು ತೋರಿಸುವ ಪರದೆ ಅಂದಿನಿಂದ ಕತ್ತಲಾಗಿದೆ, ಕೆಲಸಕ್ಕೆ ಅದರಿಂದ ಏನೂ ತೊಂದರೆಯಾಗಿಲ್ಲ.

ಬೇರಿಂಗು ಸವೆದಾಗ ತಯಾರಕರ ನೆನಪೇ ಬರಲಿಲ್ಲ. ಹೊರಗೆ ತೆಗೆದು ನೋಡಿದರೆ ಅಂಚಿನಲ್ಲಿ 6206 ಎಂದಿತ್ತು: ಒಳಗೆ 30, ಹೊರಗೆ 62, ಅಗಲ 16 ಮಿಲಿಮೀಟರ್. ಬೇರಿಂಗು ಮಾರುವ ಯಾವ ಅಂಗಡಿಯಲ್ಲೂ ಅದು ಇರುತ್ತದೆ. ಬೆಲ್ಟಿಗೂ ಅದೇ ಮಾತು. ಅದರ ಬೆನ್ನ ಮೇಲೆ ಅಚ್ಚಾದ ಜೆ ಮಾದರಿಯ ಸಂಖ್ಯೆ ಹೇಳಿದರೆ ಸಾಕು. ಸಿಗದೆ ಕಾಡಿದ್ದು ಬ್ಯಾಂಜೊ. ಅದನ್ನು ದಪ್ಪ ಉಕ್ಕಿನ ಹಲಗೆಯಿಂದ ವೆಲ್ಡಿಂಗ್ ಮಾಡಿಸಿ ತಯಾರಿಸಿಕೊಳ್ಳಬೇಕಾಯಿತು, ಈಗ ಅದು ಮೂಲಕ್ಕಿಂತ ಗಟ್ಟಿಯಾಗಿದೆ.

ಆದ್ದರಿಂದ ಸುರುಳಿಸಿಪ್ಪೆಯವರೇ, ಕೊಳ್ಳುವ ಮುನ್ನ ಕೈಪಿಡಿಯ ಬಿಡಿಭಾಗಗಳ ಚಿತ್ರವನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದರ ಮೇಲೂ ಬೆರಳಿಟ್ಟು, ಇದು ಪೇಟೆಯಲ್ಲಿ ಸಿಗುವುದೋ ಇವರು ಮಾತ್ರ ಮಾಡುವುದೋ ಎಂದು ಕೇಳಿಕೊಳ್ಳಿ. ಇವರು ಮಾತ್ರ ಮಾಡುವ ಭಾಗಗಳಲ್ಲಿ ಸವೆಯುವಂಥವು ಯಾವುವೋ ಅವನ್ನು ಕಾರ್ಖಾನೆಯ ಬಾಗಿಲು ತೆರೆದಿರುವಾಗಲೇ ಕೊಂಡಿಟ್ಟುಕೊಳ್ಳಿ. ಟೇಲ್‌ಸ್ಟಾಕಿನ ಸ್ಕ್ರೂ ಮತ್ತು ನಟ್ಟು, ಬ್ಯಾಂಜೊ, ಬಿಗಿಮಾಡುವ ಹಿಡಿಗಳು ನನ್ನ ಪಟ್ಟಿಯಲ್ಲಿ ಮೊದಲು ಬರುತ್ತವೆ.

ಹೊಸಕಲಿಕೆ:
ಒಂದೇ ಕಾರ್ಖಾನೆಯ ಲೇತ್‌ಗಳು ಬೇರೆ ಬೇರೆ ಬಣ್ಣ ಬಳಿದುಕೊಂಡು ಬೇರೆ ಬೇರೆ ಹೆಸರಿನಲ್ಲಿ ಬರುತ್ತವೆಯಲ್ಲವೇ? ಹಾಗಾದರೆ ಒಂದು ಕಂಪನಿ ಮುಚ್ಚಿದರೂ ಇನ್ನೊಂದರ ಬಿಡಿಭಾಗ ಹೊಂದುತ್ತದೆ ಎಂದುಕೊಂಡಿದ್ದೆ.

ಅನಾಥಯಂತ್ರ:
ಕೆಲವು ಸಲ ಹೊಂದುತ್ತದೆ, ಆದರೆ ನೋಟಕ್ಕೆ ಒಂದೇ ಎಂದು ನಂಬಿ ಹಣ ಕೊಡಬೇಡಿ. ಬೆಡ್ಡಿನ ಎರಡು ಹಳಿಗಳ ನಡುವಿನ ಅಂತರ, ಬೆಡ್ಡಿನಿಂದ ಸ್ಪಿಂಡಲ್ ಮಧ್ಯದವರೆಗಿನ ಎತ್ತರ, ಟೂಲ್ ರೆಸ್ಟಿನ ಕಂಬದ ವ್ಯಾಸ, ಈ ಮೂರನ್ನೂ ಅಳೆಯಿರಿ. ಕಂಬ 25 ಮಿಲಿಮೀಟರಿನದೋ 1 ಇಂಚಿನದೋ ಎಂಬಷ್ಟು ಸಣ್ಣ ವ್ಯತ್ಯಾಸವೇ ಸಾಕು, 25.4 ಮಿಲಿಮೀಟರಿನ ಕಂಬ 25ರ ತೂತಿಗೆ ಇಳಿಯುವುದೇ ಇಲ್ಲ. ಟೇಲ್‌ಸ್ಟಾಕಿನ ಎತ್ತರದಲ್ಲಂತೂ ರಾಜಿಯೇ ಸಲ್ಲದು.

ಹಳೆಯಉಳಿ:
ಬಿಡಿಭಾಗದ ಹುಡುಕಾಟದಿಂದ ಕಂಪನಿಯೇ ಮರಳಿ ಹುಟ್ಟಿದ ಉದಾಹರಣೆಯೂ ಇದೆ. ಲೇತ್, ಗರಗಸ, ಡ್ರಿಲ್ಲು ಎಲ್ಲವೂ ಒಂದರಲ್ಲೇ ಇರುವ ಶಾಪ್‌ಸ್ಮಿತ್ ಯಂತ್ರವನ್ನು ಎರಡನೇ ಮಹಾಯುದ್ಧದ ನಂತರ ಹಾನ್ಸ್ ಗೋಲ್ಡ್‌ಸ್ಮಿಟ್ ರೂಪಿಸಿದರು. ಮುಂದೆ ಅದರ ತಯಾರಿಕೆ ನಿಂತುಹೋಯಿತು. ಅಮೆರಿಕದ ಓಹಾಯೊದ ಜಾನ್ ಫೋಕರ್ತ್ ಎಂಬವರು ತಮ್ಮ ಯಂತ್ರಕ್ಕೆ ಭಾಗ ಹುಡುಕಲು ಹೋಗಿ, ತಯಾರಿಕೆ ನಿಂತಿರುವುದನ್ನು ತಿಳಿದು, 1972ರಲ್ಲಿ ಅದರ ಹಕ್ಕುಗಳನ್ನೇ ಕೊಂಡು ಮತ್ತೆ ಆರಂಭಿಸಿದರು. ಒಳ್ಳೆಯ ವಿನ್ಯಾಸವನ್ನು ಯಾರಾದರೂ ಕೈಗೆತ್ತಿಕೊಳ್ಳುತ್ತಾರೆ ಎಂಬ ನನ್ನ ನಂಬಿಕೆ ಇಂಥವುಗಳಿಂದಲೇ ಬಂದದ್ದು.

ಲೆಕ್ಕದಪುಸ್ತಕ:
ಆ ಕಥೆ ನನಗೂ ಇಷ್ಟ, ಆದರೆ ಅದನ್ನು ನೆಚ್ಚಿಕೊಂಡು ಯಂತ್ರ ಕೊಳ್ಳಲಾಗದು. ಮರಗೆಲಸದ ಯಂತ್ರಗಳನ್ನು ಮಾಡುವ ಡೆಲ್ಟಾ ಎಂಬ ಹೆಸರು 2004ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್‌ಗೆ, 2011ರಲ್ಲಿ ತೈವಾನಿನ ಚಾಂಗ್ ಟೈಪ್ ಕಂಪನಿಗೆ ಕೈ ಬದಲಾಯಿಸಿತು. ಹೀಗೆ ಹೆಸರು ಕೈ ಬದಲಾಯಿಸಿದಾಗ ಹಳೆಯ ಗ್ರಾಹಕರ ಗತಿಯೇನು ಎಂಬುದು ಮಾರಾಟದ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿರುತ್ತದೆ. ದಿವಾಳಿಯಾದ ಕಂಪನಿಯ ಹೆಸರು, ನಕ್ಷೆ, ಅಚ್ಚುಗಳನ್ನು ಮಾತ್ರ ಕೊಂಡವರು ಹಿಂದಿನ ವಾರಂಟಿಯ ಹೊಣೆಯನ್ನು ಸಾಮಾನ್ಯವಾಗಿ ಹೊರುವುದಿಲ್ಲ. ಆದ್ದರಿಂದ ಐದು ವರ್ಷದ ವಾರಂಟಿ ಎಂದು ಕರಪತ್ರದಲ್ಲಿದ್ದರೂ ಈಗ ಅದರ ಬೆಲೆಯನ್ನು ಸೊನ್ನೆ ಎಂದೇ ಹಿಡಿದು ಲೆಕ್ಕ ಹಾಕಿ.

ಮಾರಾಟಗಾರರಿಂದ ಕೊಳ್ಳುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಬಹಳಷ್ಟು ದೇಶಗಳ ಗ್ರಾಹಕ ಕಾನೂನು ದೋಷವಿರುವ ವಸ್ತುವಿಗೆ ಮಾರಿದವರನ್ನೂ ಹೊಣೆ ಮಾಡುತ್ತದೆ. ತಯಾರಕರು ಮುಳುಗಿದರೂ ಮಾರಿದ ಅಂಗಡಿ ನಿಂತಿರುತ್ತದೆ. ಕಡಿಮೆ ರಿಯಾಯಿತಿಗೆ ಪ್ರತಿಯಾಗಿ ನಿಮಗೆ ಸಿಗುವುದು ಅದೇ.

ಬಟ್ಟಲುಗಾರ:
ಮಾರಾಟಗಾರರ ಹೊಣೆಯ ಮಾತನ್ನು ಒಪ್ಪುತ್ತೇನೆ. ಗೋದಾಮಿನಲ್ಲಿರುವ ಯಂತ್ರವನ್ನೇ ಕೊಳ್ಳಿ, ಅದು ಖಾಲಿಯಾದರೆ ಅವರು ಕಾರ್ಖಾನೆಯಿಂದ ಇನ್ನೊಂದನ್ನು ತರಿಸುತ್ತಾರೆ. ಆದರೆ ಮಾರುವ ದಿನದ ಬೆಲೆಯನ್ನೂ ಯಾರಾದರೂ ಹೇಳಬೇಕು. ಕಂಪನಿ ಇಲ್ಲದ ಲೇತಿಗೆ ಮರುಮಾರಾಟದಲ್ಲಿ ಕೊಳ್ಳುವವರು ಚೌಕಾಸಿ ಮಾಡದೆ ಬಿಡುವುದಿಲ್ಲ.

ಹಳೆಯಉಳಿ:
ಥ್ರೆಡ್ ಎಂ 33×3.5, ಟೇಪರ್ 2ನೇ ನಂಬರು ಆಗಿರುವುದರಿಂದ ಚಕ್, ಫೇಸ್‌ಪ್ಲೇಟ್, ಸೆಂಟರುಗಳು ಮುಂದಿನ ಲೇತಿಗೂ ಬರುತ್ತವೆ. ಖರ್ಚಿನ ದೊಡ್ಡ ಪಾಲು ಅವುಗಳ ಮೇಲೆಯೇ ಬೀಳುವುದರಿಂದ ನಷ್ಟ ನೀವು ಅಂದುಕೊಂಡಷ್ಟಿಲ್ಲ.

ಸುರುಳಿಸಿಪ್ಪೆ:
ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಗೋದಾಮಿಗೆ ಹೋಗಿ ಬೆಲ್ಟಿನ ಮಾದರಿಯನ್ನು ನೋಡಿ ಬಂದೆ. ಮೊದಲಿಗೆ ಮೊನೆಗಳು ಅಡ್ಡಕ್ಕೆ ಸ್ವಲ್ಪ ಸರಿದಿದ್ದವು. ಕಾಲುಗಳನ್ನು ಸಮಮಾಡಿದ ಮೇಲೆ ಕೂಡಿದವು, ಕ್ವಿಲ್ ಪೂರ್ತಿ ಹೊರಬಂದಾಗಲೂ ಕದಲಲಿಲ್ಲ. ಸೀಮೆಸುಣ್ಣದ ಮೇಲೆ ಯಾವ ಗೆರೆಯೂ ಏಳಲಿಲ್ಲ. ಮೋಟಾರಿನ ಫಲಕದಲ್ಲಿ 90ರ ಚೌಕಟ್ಟು ಎಂದೇ ಇದೆ. ರಸೀದಿಯಲ್ಲಿ ಕ್ರಮಸಂಖ್ಯೆ ಬರೆಯಲು ಮಾರಾಟಗಾರರು ಒಪ್ಪಿದ್ದಾರೆ, ಯಂತ್ರ ಇಳಿಸಿದ ದಿನ ಪೂರ್ತಿ ಹಣ ಕೊಡುವುದೆಂದು ಮಾತಾಗಿದೆ. ಒಂದು ಬ್ಯಾಂಜೊ ಮತ್ತು ಟೇಲ್‌ಸ್ಟಾಕಿನ ಸ್ಕ್ರೂ ನಟ್ಟಿನ ಜೋಡಿಯನ್ನು ಅದೇ ರಸೀದಿಯಲ್ಲಿ ಸೇರಿಸಿಕೊಂಡಿದ್ದೇನೆ.

ಒಂದು ಸಂದೇಹ ಉಳಿದಿದೆ. ವೇಗ ಬದಲಿಸುವ ಗುಂಡಿಯ ಹಿಂದಿನ ಪೊಟೆನ್ಷಿಯೋಮೀಟರು (ತಿರುಗಿಸಿದಂತೆ ರೋಧ ಬದಲಾಗುವ ಭಾಗ) ಎಷ್ಟು ಓಮ್‌ನದು ಎಂದು ಕೈಪಿಡಿಯಲ್ಲಿ ಕೊಟ್ಟಿಲ್ಲ. ಅದನ್ನೂ ಒಂದು ತಂದಿಡಬೇಕೆಂದರೆ ಎಷ್ಟರದು ಕೇಳಬೇಕು?

ತಂತಿಜಾಲ:
ಇನ್ವರ್ಟರುಗಳಲ್ಲಿ ಹೆಚ್ಚಾಗಿ 5 ಅಥವಾ 10 ಕಿಲೋ ಓಮ್‌ನದು ಇರುತ್ತದೆ, ಆದರೆ ಊಹಿಸಬೇಡಿ, ಅಳೆದು ನೋಡಿ. ಪ್ಲಗ್ ಕಿತ್ತ ಕೂಡಲೇ ಕೈ ಹಾಕಬೇಡಿ; ಒಳಗಿನ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ, ಇನ್ವರ್ಟರಿನ ಮೇಲೆ ಬರೆದಷ್ಟು ಹೊತ್ತು, ಬರೆದಿಲ್ಲದಿದ್ದರೆ ಕನಿಷ್ಠ 10 ನಿಮಿಷ ಬಿಡಿ. ನಂತರ ಮೂರು ತಂತಿಗಳ ಬಣ್ಣ ಮತ್ತು ಜಾಗವನ್ನು ಫೋಟೋ ತೆಗೆದುಕೊಂಡು, ಅವನ್ನು ಕಳಚಿ, ಎರಡು ಹೊರಗಿನ ಕಾಲುಗಳ ನಡುವೆ ಮೀಟರ್ ಇಟ್ಟರೆ ಬರುವ ಸಂಖ್ಯೆಯೇ ನೀವು ಅಂಗಡಿಯಲ್ಲಿ ಕೇಳಬೇಕಾದದ್ದು. ಕೊಳ್ಳುವಾಗ ನೇರಗತಿಯದು ಬೇಕೆಂದು ಹೇಳಿ. ಧ್ವನಿಯಂತ್ರಗಳಿಗೆ ಬಳಸುವ ಬಗೆಯದನ್ನು ಹಾಕಿದರೆ ಗುಂಡಿಯ ಒಂದು ಭಾಗದಲ್ಲಿ ವೇಗ ನಿಧಾನವಾಗಿ ಏರಿ, ಉಳಿದ ಭಾಗದಲ್ಲಿ ಒಮ್ಮೆಲೇ ಹಾರುತ್ತದೆ. ಫೋಟೋಗಳ ಜೊತೆಗೆ ಇನ್ವರ್ಟರಿನ ಸೆಟ್ಟಿಂಗುಗಳ ಹಾಳೆಯನ್ನೂ ಇಲ್ಲಿ ಹಾಕಿ, ಇದೇ ಮಾದರಿ ಇರುವ ಬೇರೆಯವರಿಗೂ ಬೇಕಾಗುತ್ತದೆ.